ಕಡಿಮೆ ಖರ್ಚಿನಲ್ಲಿ ಪೂರ್ಣ ಆಹಾರ: ಶಿಕಾಗೊ ಮತ್ತು ಡೆಟ್ರಾಯಿಟ್ ಸೀಮೆಯ ಕನ್ನಡ ಮನೆಗಳಿಗೆ

ಹದಿನೈದು ವರ್ಷಗಳಿಗೂ ಹಿಂದಿನ ಮಾತು. 2009ರಲ್ಲಿ ಡೆಟ್ರಾಯಿಟ್ ಸೀಮೆಯ ಮೋಟಾರು ಉದ್ಯಮ ಕುಸಿದು, ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್ ಕಂಪನಿಗಳು ದಿವಾಳಿತನದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿದ್ದವು. ಆ ವರ್ಷ, ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಸಂಸ್ಥೆಯೊಂದರಲ್ಲಿ ಎಂಜಿನಿಯರಾಗಿದ್ದ ಕನ್ನಡಿಗರೊಬ್ಬರು ಕೆಲಸವನ್ನೂ ಅದರೊಡನೆ ಆರೋಗ್ಯ ವಿಮೆಯನ್ನೂ ಕಳೆದುಕೊಂಡು, ಪತ್ನಿಯೊಡನೆ ನನ್ನಲ್ಲಿಗೆ ಬಂದರು. ಗುರುತು ಹತ್ತದಂತೆ ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಹಿಂದಿನ ಮೂರು ತಿಂಗಳ ರಕ್ತದ ಸಕ್ಕರೆಯ ಮಟ್ಟವನ್ನು ಸೂಚಿಸುವ ಎ-ಒನ್-ಸಿ ಪರೀಕ್ಷೆಯಲ್ಲಿ ಅವರ ಅಂಕ ಒಂಬತ್ತನ್ನು ದಾಟಿತ್ತು. ನಾನು ಗುಳಿಗೆ ಬರೆದುಕೊಟ್ಟೆ. ಎಲ್ಲರಿಗೂ ಕೊಡುವ ಅಚ್ಚಿನ ಆಹಾರಪಟ್ಟಿಯನ್ನೂ ಕೈಗಿತ್ತೆ. ಅದರಲ್ಲಿ ಸಾಲ್ಮನ್ ಮೀನು, ಕಿನೋವಾ, ಆಸ್ಪರಾಗಸ್, ಬ್ಲೂಬೆರಿ, ಆಲಿವ್ ಎಣ್ಣೆ ಇದ್ದವು. ಆ ತಾಯಿ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು, "ಇದರಲ್ಲಿ ನಮ್ಮ ಮನೆಯ ಪದಾರ್ಥ ಒಂದೂ ಇಲ್ಲವಲ್ಲ ಡಾಕ್ಟ್ರೇ, ತರಿಸೋಣ ಎಂದರೆ ಈಗ ದುಡ್ಡೂ ಇಲ್ಲ" ಎಂದರು.

ನನಗೆ ನಾಚಿಕೆಯಾಯಿತು. ಅವರು ಏನು ತಿನ್ನುತ್ತಾರೆ ಎಂದು ನಾನು ಕೇಳಿಯೇ ಇರಲಿಲ್ಲ. ಕೇಳಿದಾಗ ತಿಳಿದದ್ದು ಇಷ್ಟು: ಸಂಬಳ ನಿಂತ ಮೇಲೆ ಮೊದಲು ಬಿಟ್ಟದ್ದು ಸೊಪ್ಪು ಮತ್ತು ಹಣ್ಣು, ಆಮೇಲೆ ಬೇಳೆಯನ್ನು ಅರ್ಧ ಮಾಡಿ ಸಾರನ್ನು ತೆಳುವಾಗಿಸಿದ್ದರು. ಉಳಿದದ್ದು ಇಪ್ಪತ್ತು ಪೌಂಡಿನ ಬಿಳಿ ಅಕ್ಕಿಯ ಚೀಲ, ಆಲೂಗಡ್ಡೆ, ಉಪ್ಪಿನಕಾಯಿ, ಅಗ್ಗದ ಬಿಸ್ಕತ್ತು ಮತ್ತು ನೂಡಲ್ಸ್. ಹೊಟ್ಟೆಯೇನೋ ತುಂಬುತ್ತಿತ್ತು, ಪೋಷಣೆ ಮಾತ್ರ ದಿನದಿನಕ್ಕೆ ಸೊರಗುತ್ತಿತ್ತು.

ಕೈ ಬಿಗಿಯಾದಾಗ ಬಹಳ ಮನೆಗಳಲ್ಲಿ ನಡೆಯುವುದು ಇದೇ. ವಿದ್ಯಾರ್ಥಿಗಳು, ಒಂದೇ ಸಂಬಳದಲ್ಲಿ ನಡೆಯುವ ಸಂಸಾರಗಳು, ಮಕ್ಕಳೊಡನೆ ಇರಲು ಬಂದ ವೃದ್ಧರು, ಇದ್ದಕ್ಕಿದ್ದಂತೆ ಕೆಲಸ ಹೋದವರು ನಮ್ಮ ಸಮುದಾಯದಲ್ಲಿಯೂ ಇದ್ದಾರೆ. ನಮ್ಮ ಸಮಾರಂಭಗಳಲ್ಲಿ ಕಾಣಿಸಿಕೊಳ್ಳುವುದು ಕಡಿಮೆ, ಅಷ್ಟೆ. ಅಂಥವರನ್ನು ಮುಂದಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇನೆ. ಹೇಳಬೇಕಾದ ಮುಖ್ಯ ಮಾತು ಒಂದೇ: ಅಗ್ಗದ ಪೌಷ್ಟಿಕ ಆಹಾರವನ್ನು ಹೊರಗಿನ ಪಟ್ಟಿಯೊಂದರಲ್ಲಿ ಹುಡುಕಬೇಕಾಗಿಲ್ಲ, ಉಣ್ಣುವವರ ನಾಲಿಗೆಗೆ ಪರಿಚಯವಿರುವ ಅಡುಗೆಯೊಳಗೇ ಅದನ್ನು ಹುಡುಕಬೇಕು.

ಶಿಕಾಗೊ ನಗರದ ಒಂದು ಹಳೆಯ ಪಾಠ

ನಾನು ಮಾಡಿದ ತಪ್ಪು ಹೊಸದಲ್ಲ ಎಂಬುದು ಆಮೇಲೆ ಓದಿ ತಿಳಿಯಿತು. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಮಹಿಳೆಯರು ಶಿಕಾಗೊದ ಹಾಲ್‌ಸ್ಟೆಡ್ ಬೀದಿಯಲ್ಲಿ 'ಹಲ್ ಹೌಸ್' ಎಂಬ ಸೇವಾಕೇಂದ್ರವನ್ನು ತೆರೆದರು. ಸುತ್ತಲೂ ಇಟಲಿ, ಗ್ರೀಸ್, ರಷ್ಯಾ, ಬೊಹೀಮಿಯಾಗಳಿಂದ ಬಂದ ಬಡ ವಲಸೆಗಾರರ ಕೇರಿಗಳು. ಹೆಂಗಸರು ಹೊಲಿಗೆ ಕಾರ್ಖಾನೆಗಳಲ್ಲಿ ದಿನವೆಲ್ಲ ದುಡಿದು, ಅಡುಗೆಗೆ ಹೊತ್ತಿಲ್ಲದೆ ಡಬ್ಬಿಯ ಪದಾರ್ಥಗಳನ್ನೂ ಮಕ್ಕಳಿಗೆ ಮಿಠಾಯಿಗೆಂದು ಚಿಲ್ಲರೆ ಕಾಸನ್ನೂ ನೆಚ್ಚಿಕೊಂಡಿದ್ದರು. ಇದನ್ನು ಕಂಡ ಹಲ್ ಹೌಸಿನವರು ವಿಜ್ಞಾನದ ಮೊರೆಹೊಕ್ಕರು. ಬಾಸ್ಟನ್ನಿನಲ್ಲಿ ಎಲೆನ್ ಸ್ವಾಲೊ ರಿಚರ್ಡ್ಸ್ ಎಂಬ ರಸಾಯನ ವಿಜ್ಞಾನಿ 1890ರಲ್ಲಿ 'ನ್ಯೂ ಇಂಗ್ಲೆಂಡ್ ಕಿಚನ್' ಎಂಬ ಸಾರ್ವಜನಿಕ ಅಡುಗೆಮನೆಯನ್ನು ತೆರೆದು, ಅಗ್ಗದ ಮಾಂಸವನ್ನೂ ಕಾಳುಗಳನ್ನೂ ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿ ಪೌಷ್ಟಿಕ ಸೂಪುಗಳನ್ನು ಮಾರುತ್ತಿದ್ದರು. ಹಲ್ ಹೌಸಿನಿಂದ ಒಬ್ಬರು ಅಲ್ಲಿಗೆ ಹೋಗಿ ತರಬೇತಿ ಪಡೆದು ಬಂದರು. 1893ರಲ್ಲಿ ಹಲ್ ಹೌಸಿನ ಅಡುಗೆಮನೆಯೂ ತೆರೆಯಿತು.

1893 ಎಂದೊಡನೆ ನಮ್ಮವರಿಗೆ ನೆನಪಾಗುವುದು ವಿವೇಕಾನಂದರ ಶಿಕಾಗೊ ಭಾಷಣ. ಆ ಸಮ್ಮೇಳನಕ್ಕೆ ಸಂದರ್ಭವಾಗಿದ್ದ ವಿಶ್ವ ಪ್ರದರ್ಶನದಲ್ಲಿಯೇ ರಿಚರ್ಡ್ಸ್ ಅವರ 'ರಮ್‌ಫರ್ಡ್ ಕಿಚನ್' ಕೂಡ ಇತ್ತು. ಒಂದು ಊಟದಲ್ಲಿ ಎಷ್ಟು ಪ್ರೋಟೀನು, ಎಷ್ಟು ಕೊಬ್ಬು, ಎಷ್ಟು ಶಕ್ತಿ ಎಂಬುದನ್ನು ಅಲ್ಲಿಗೆ ಬಂದವರಿಗೆ ಲೆಕ್ಕಹಾಕಿ ತೋರಿಸುತ್ತಿದ್ದರು. ಇಂದು ಎಲ್ಲ ಪೊಟ್ಟಣಗಳ ಮೇಲೂ ಕಾಣುವ ಪೋಷಕಾಂಶಗಳ ಪಟ್ಟಿಗೆ ಅದು ಒಂದು ಪೂರ್ವರೂಪ.

ವಿಜ್ಞಾನ ಸರಿಯಾಗಿತ್ತು, ಬೆಲೆ ಕಡಿಮೆಯಿತ್ತು, ಅಡುಗೆ ಶುಚಿಯಾಗಿತ್ತು. ಆದರೂ ಕೇರಿಯ ಜನ ಅದನ್ನು ನಿರೀಕ್ಷಿಸಿದಷ್ಟು ಕೊಳ್ಳಲಿಲ್ಲ. ಜನರ ನಾನಾ ಮೂಲಗಳನ್ನೂ ತಲೆಮಾರುಗಳಿಂದ ಬಂದ ಅವರ ರುಚಿಗಳನ್ನೂ ತಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವೆಂದು ಜೇನ್ ಆಡಮ್ಸ್ ಆತ್ಮಕಥನದಲ್ಲಿ ಒಪ್ಪಿಕೊಂಡಿದ್ದಾರೆ. ಈ ಆಹಾರ ಪುಷ್ಟಿಕರವೆಂಬುದೇನೋ ನಿಜ, ಆದರೆ ತನಗೆ ಬೇಕಾದುದನ್ನು ತಿನ್ನುವುದೇ ತನಗಿಷ್ಟ ಎಂದ ಒಬ್ಬ ಹೆಂಗಸಿನ ಪ್ರಸಂಗವನ್ನೂ ಅವರು ಅಲ್ಲಿ ಹೇಳುತ್ತಾರೆ.

ಸೋಲಿನ ನಂತರ ಹಲ್ ಹೌಸಿನವರು ಕೈಗೊಂಡ ಮತ್ತೊಂದು ಕೆಲಸ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಅಮೆರಿಕದ ಪೋಷಣಾ ವಿಜ್ಞಾನದ ಆದ್ಯರಲ್ಲಿ ಒಬ್ಬರಾದ ವಿಲ್ಬರ್ ಆಟ್‌ವಾಟರ್ 1895 ಮತ್ತು 1896ರಲ್ಲಿ ಶಿಕಾಗೊದ ವಲಸೆಗಾರರ ಮನೆಗಳ ಊಟವನ್ನು ಅಧ್ಯಯನ ಮಾಡಿದಾಗ, ಜೇನ್ ಆಡಮ್ಸ್ ಹಾಗೂ ಹಲ್ ಹೌಸಿನ ಕ್ಯಾರೊಲೈನ್ ಹಂಟ್ ಅವರೊಡನೆ ಕೈಜೋಡಿಸಿದರು. ಯಾವ ಮನೆ ಏನನ್ನು ಕೊಳ್ಳುತ್ತದೆ, ಎಷ್ಟು ಖರ್ಚು ಮಾಡುತ್ತದೆ ಎಂಬುದನ್ನು ದಾಖಲಿಸಿದರು. ಇದೇ ಕ್ಯಾರೊಲೈನ್ ಹಂಟ್ ಮುಂದೆ 1916ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮೊದಲ ಆಹಾರ ಮಾರ್ಗದರ್ಶಿಕೆಯನ್ನು ಬರೆದರು. ಮೊದಲು ಕೇಳುವುದು, ಆಮೇಲೆ ಹೇಳುವುದು: ಆ ದಿನ ನಾನು ತಪ್ಪಿದ್ದು ಈ ಕ್ರಮವನ್ನು.

ನಮ್ಮ ತಟ್ಟೆಯಲ್ಲಿ ಕೊರತೆ ಎಲ್ಲಿ?

ಹಾಗೆಂದು ನಮ್ಮ ಊಟವೆಲ್ಲ ಉತ್ತಮವೆಂದು ಬೀಗುವಂತಿಲ್ಲ. ಶಿಕಾಗೊದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು 2010ರಲ್ಲಿ 'ಮಸಾಲಾ' ಎಂಬ ಅಧ್ಯಯನವನ್ನು ಆರಂಭಿಸಿದವು. ಈ ಎರಡು ಸೀಮೆಗಳಲ್ಲಿ ನೆಲೆಸಿದ, 40ರಿಂದ 84 ವರ್ಷ ವಯಸ್ಸಿನ 906 ಮಂದಿ ದಕ್ಷಿಣ ಏಷ್ಯಾ ಮೂಲದವರನ್ನು ಮೊದಲ ಹಂತದಲ್ಲಿ ಪರೀಕ್ಷಿಸಲಾಯಿತು. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ ಅವರಲ್ಲಿ ಸುಮಾರು ಶೇಕಡಾ 23 ಮಂದಿಗೆ ಮಧುಮೇಹವಿತ್ತು. ಹೋಲಿಕೆಗೆ ತೆಗೆದುಕೊಂಡ ಬಿಳಿಯ ಅಮೆರಿಕನ್ನರಲ್ಲಿ ಇದು ಶೇಕಡಾ 6. ಕರಿದ ತಿಂಡಿ, ಸಿಹಿ ಮತ್ತು ಕೊಬ್ಬಿನ ಹಾಲಿನ ಪದಾರ್ಥಗಳು ಹೆಚ್ಚಾಗಿರುವ ಊಟದ ಕ್ರಮವು ಇನ್ಸುಲಿನ್ನಿಗೆ ದೇಹ ಸ್ಪಂದಿಸದಿರುವುದರ ಜೊತೆಗೂ, ಹಣ್ಣು, ತರಕಾರಿ, ಬೀಜ ಮತ್ತು ಕಾಳುಗಳು ಹೆಚ್ಚಾಗಿರುವ ಕ್ರಮವು ರಕ್ತದೊತ್ತಡದಂತಹ ತೊಂದರೆಗಳ ಇಳಿಕೆಯ ಜೊತೆಗೂ ಕಂಡುಬಂದವು. ಎರಡೂ ನಮ್ಮದೇ ಅಡುಗೆಮನೆಯ ಕ್ರಮಗಳೆಂಬುದನ್ನು ಗಮನಿಸಬೇಕು.

'ಪೂರ್ಣ ಆಹಾರ' ಎಂದರೆ ಹೊಲದಿಂದ ಬಂದ ರೂಪಕ್ಕೆ ಹತ್ತಿರವಿರುವ ಆಹಾರ: ತೌಡು ಕಳೆಯದ ಧಾನ್ಯ, ಬೇಳೆಕಾಳು, ಸೊಪ್ಪು, ತರಕಾರಿ, ಹಣ್ಣು, ಕಡಲೆಕಾಯಿಯಂತಹ ಬೀಜಗಳು, ಹಾಲು, ಮೊಸರು; ಮಾಂಸಾಹಾರಿಗಳಿಗೆ ಮೊಟ್ಟೆ, ಮೀನು. ಇವುಗಳಲ್ಲಿ ಹಣಕ್ಕೆ ಹೆಚ್ಚು ಪ್ರತಿಫಲ ಕೊಡುವುದು ಕಾಳು. ಒಣ ಬೇಳೆಕಾಳುಗಳಲ್ಲಿ ನೂರು ಗ್ರಾಮಿಗೆ 20ರಿಂದ 25 ಗ್ರಾಮ್ ಪ್ರೋಟೀನು ಇರುತ್ತದೆ. ಬಿಳಿ ಅಕ್ಕಿಯಲ್ಲಿ ಸುಮಾರು 7 ಗ್ರಾಮ್ ಮಾತ್ರ. ಒಂದು ಪೌಂಡು ಕಾಳು ಕೊಂಡರೆ ಸುಮಾರು 100 ಗ್ರಾಮ್ ಪ್ರೋಟೀನನ್ನು ಕೊಂಡಂತೆ. ಕಾಳಿನಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಹೇರಳವಾಗಿದೆ, ಮೆಥಿಯೊನೀನ್ ಕಡಿಮೆ. ಧಾನ್ಯದಲ್ಲಿ ಇದರ ತಿರುವುಮುರುವು. ಆದ್ದರಿಂದ ಅನ್ನ ಹುಳಿ, ಮುದ್ದೆ ಬಸ್ಸಾರು, ರೊಟ್ಟಿ ಕಾಳುಪಲ್ಯಗಳು ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೋಡಿಗಳು. ಎರಡನ್ನೂ ಒಂದೇ ಹೊತ್ತಿಗೆ ತಿನ್ನಲೇಬೇಕೆಂದಿಲ್ಲ, ಒಂದೇ ದಿನದೊಳಗೆ ತಿಂದರೂ ಸಾಕು.

ತಪ್ಪಿರುವುದು ಪ್ರಮಾಣ. ಮುಕ್ಕಾಲು ತಟ್ಟೆ ಅನ್ನ, ಅದರ ಮೇಲೆ ತೆಳು ಸಾರು, ಅಂಚಿನಲ್ಲಿ ಎರಡು ಚಮಚ ಪಲ್ಯ: ಇದು ಹಲವು ಮನೆಗಳ ತಟ್ಟೆ. ಇದನ್ನು ತಿರುಗಿಸಿ, ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ಭಾಗ ಗಟ್ಟಿಯಾದ ಕಾಳು, ಕಾಲು ಭಾಗ ಧಾನ್ಯ ಎಂದು ಮಾಡಿಕೊಂಡರೆ ಅಡುಗೆಯ ಹೆಸರುಗಳು ಬದಲಾಗುವುದಿಲ್ಲ, ತಟ್ಟೆ ಬದಲಾಗುತ್ತದೆ.

ಪೇಟೆಯ ನಕ್ಷೆ

ಶಿಕಾಗೊದವರಿಗೆ ಡೆವಾನ್ ಅವೆನ್ಯೂ ಹೊಸದೇನಲ್ಲ. ಪಟೇಲ್ ಬ್ರದರ್ಸ್ ತಮ್ಮ ಮೊದಲ ಅಂಗಡಿಯನ್ನು 1974ರಲ್ಲಿ ತೆರೆದದ್ದು ಅಲ್ಲಿಯೇ. ನೇಪರ್‌ವಿಲ್, ಶಾಂಬರ್ಗ್‌ಗಳಲ್ಲಿ, ಡೆಟ್ರಾಯಿಟ್ ಕಡೆ ಟ್ರಾಯ್, ನೋವೈ, ಕ್ಯಾಂಟನ್‌ಗಳಲ್ಲಿ ಭಾರತೀಯ ಅಂಗಡಿಗಳಿವೆ. ಅಲ್ಲಿ ಕೊಳ್ಳಬೇಕಾದುದು ಬೇಳೆಕಾಳು, ರಾಗಿ ಹಿಟ್ಟು, ಹುರುಳಿ, ಇಡಿಯ ಮಸಾಲೆ ಪದಾರ್ಥಗಳು. ಕೊಳ್ಳಬಾರದೆಂದಲ್ಲ, ಆದರೆ ಲೆಕ್ಕ ಇಡಬೇಕಾದುದು ಶೀತಪೆಟ್ಟಿಗೆಯ ಪರೋಟ, ಚಕ್ಕುಲಿ ಖಾರದ ಪೊಟ್ಟಣ, ಸಿದ್ಧ ಸಾರಿನ ಪುಡಿ. ಧನಿಯ, ಮೆಣಸಿನಕಾಯಿ, ಜೀರಿಗೆ, ಮೆಂತ್ಯವನ್ನು ಇಡಿಯಾಗಿ ಕೊಂಡು ಮನೆಯಲ್ಲಿಯೇ ಹುರಿದು ಪುಡಿ ಮಾಡಿಕೊಂಡರೆ ಖರ್ಚು ಬಹಳ ಕಡಿಮೆ, ಪರಿಮಳ ಹೆಚ್ಚು.

ಆದರೆ ಭಾರತೀಯ ಅಂಗಡಿಯನ್ನೇ ನೆಚ್ಚಿದರೆ ಸೊಪ್ಪು ತರಕಾರಿ ದುಬಾರಿಯಾಗುತ್ತದೆ. ದೂರದಿಂದ ಬರುವ ತೊಂಡೆ, ಹೀರೆ, ನುಗ್ಗೆಗಳಿಗೆ ತೆರುವ ಬೆಲೆಯಲ್ಲಿ ಇಲ್ಲಿಯ ಎಲೆಕೋಸು, ಗಜ್ಜರಿ, ಬೀಟ್‌ರೂಟ್, ಸಿಹಿಗುಂಬಳದ ಜಾತಿಯ ಸ್ಕ್ವಾಶ್‌ಗಳನ್ನು ಎರಡು ಮೂರು ಪಟ್ಟು ಕೊಳ್ಳಬಹುದು. ಇವು ಚಳಿಗಾಲದಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ಹೆಪ್ಪುಗಟ್ಟಿಸಿದ ಪಾಲಕ್, ಬಟಾಣಿ, ಹುರುಳಿಕಾಯಿಗಳೂ ಪೋಷಣೆಯಲ್ಲಿ ತಾಜಾ ತರಕಾರಿಗೆ ಬಹುಮಟ್ಟಿಗೆ ಸಮ. ಕಿತ್ತ ಕೂಡಲೇ ಹೆಪ್ಪುಗಟ್ಟಿಸಿದ ಬಟಾಣಿ, ಒಂದು ವಾರ ಲಾರಿಯಲ್ಲಿ ಪಯಣಿಸಿದ ಬಟಾಣಿಗಿಂತ ಮೇಲೆಂದರೂ ತಪ್ಪಲ್ಲ.

ಇನ್ನು ನೆರೆಯವರ ಪೇಟೆಗಳು. ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನ ಅರಬ್ ಅಂಗಡಿಗಳಲ್ಲಿ ಮಸೂರ, ಕಡಲೆ, ಎಳ್ಳಿನ ಮುದ್ದೆಯಾದ ತಹಿನಿ ಮತ್ತು ಬುಲ್ಗರ್ ದೊರೆಯುತ್ತವೆ. ಬುಲ್ಗರ್ ಎಂದರೆ ಬೇಯಿಸಿ ಒಣಗಿಸಿದ ಗೋಧಿ ನುಚ್ಚು. ರವೆಯ ಬದಲು ಇದರಲ್ಲಿ ಉಪ್ಪಿಟ್ಟು ಮಾಡಿದರೆ ನಾರಿನಂಶ ಹೆಚ್ಚುತ್ತದೆ. ಶಿಕಾಗೊದ ಪಿಲ್ಸೆನ್, ಲಿಟಲ್ ವಿಲೇಜ್ ಮತ್ತು ಡೆಟ್ರಾಯಿಟ್‌ನ ನೈಋತ್ಯ ಭಾಗದ ಮೆಕ್ಸಿಕನ್ ಅಂಗಡಿಗಳಲ್ಲಿ ಒಣ ಕಾಳು, ಕೊತ್ತಂಬರಿ, ಹಸಿಮೆಣಸಿನಕಾಯಿ, ನಿಂಬೆ ಅಗ್ಗ. ಮಿಷಿಗನ್ ರಾಜ್ಯವಂತೂ ಕಪ್ಪು ಬೀನ್ಸ್ ಬೆಳೆಯುವುದರಲ್ಲಿ ದೇಶದಲ್ಲಿಯೇ ಮುಂದು. ನಮ್ಮ ಹುಳಿಗೆ ಈ ಕಾಳು ಹೊಂದುವುದಿಲ್ಲವೆಂದು ಹೇಳುವವರು ಒಮ್ಮೆ ಕೊಬ್ಬರಿ, ಮೆಣಸು ಹಾಕಿ ಮಾಡಿ ನೋಡಲಿ.

ಡೆಟ್ರಾಯಿಟ್ ಸಂತೆಯ ಬಸ್ಸಾರು

1891ರಿಂದ ಈಗಿನ ಸ್ಥಳದಲ್ಲಿಯೇ ನಡೆದುಬಂದಿರುವ ಡೆಟ್ರಾಯಿಟ್‌ನ ಈಸ್ಟರ್ನ್ ಮಾರ್ಕೆಟ್‌ಗೆ ಶನಿವಾರ ಬೆಳಗ್ಗೆ ಹೋದವರಿಗೆ ಕಾಲರ್ಡ್ ಸೊಪ್ಪಿನ ದೊಡ್ಡ ಕಟ್ಟುಗಳು, ಸಾಸಿವೆ ಸೊಪ್ಪು, ಟರ್ನಿಪ್ ಸೊಪ್ಪು ಕಾಣುತ್ತವೆ. ಕಾಲರ್ಡ್ ಎಂಬುದು ಎಲೆಕೋಸಿನ ಬಳಗದ, ಗಡ್ಡೆ ಕಟ್ಟದ ದಪ್ಪ ಎಲೆಯ ಸೊಪ್ಪು. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣದ ರಾಜ್ಯಗಳಿಂದ ಲಕ್ಷಗಟ್ಟಲೆ ಕರಿಯ ಜನರು ಕೆಲಸ ಅರಸಿ ಶಿಕಾಗೊ, ಡೆಟ್ರಾಯಿಟ್‌ಗಳಿಗೆ ಬಂದಾಗ ಈ ಸೊಪ್ಪಿನ ಅಡುಗೆಯನ್ನೂ ಅಲಸಂದೆ ಕಾಳಿನ ಅಡುಗೆಯನ್ನೂ ಜೊತೆಗೆ ತಂದರು. ಅಲಸಂದೆ ಮೂಲತಃ ಆಫ್ರಿಕದ ಬೆಳೆ. ನಮ್ಮ ರಾಗಿಯ ತವರೂ ಆಫ್ರಿಕವೇ. ಹೀಗೆ ನಮ್ಮ ಮುದ್ದೆಗೂ ಅವರ ಕಾಳಿಗೂ ಹಳೆಯ ನೆಂಟಸ್ತನವಿದೆ.

ಈ ಮೂರನ್ನೂ ಕೂಡಿಸಿದ ಒಂದು ಊಟದ ಲೆಕ್ಕವನ್ನು ನೋಡೋಣ. ನಾಲ್ವರಿಗೆ ಒಂದು ಬಟ್ಟಲು, ಅಂದರೆ 200 ಗ್ರಾಮ್, ಒಣ ಅಲಸಂದೆ; ಸುಮಾರು 300 ಗ್ರಾಮ್ ಕಾಲರ್ಡ್ ಸೊಪ್ಪು; 400 ಗ್ರಾಮ್ ರಾಗಿ ಹಿಟ್ಟು; ಒಂದು ಈರುಳ್ಳಿ, ಅರ್ಧ ಗಡ್ಡೆ ಬೆಳ್ಳುಳ್ಳಿ, ಹುಣಸೆ, ಹುಳಿಪುಡಿ, ಎರಡು ಚಮಚ ಎಣ್ಣೆ, ನಿಂಬೆ. ಕಾಳನ್ನು ರಾತ್ರಿ ನೆನೆಸಿ, ಮುಕ್ಕಾಲು ಬೇಯಿಸಿ, ಸಣ್ಣಗೆ ಹೆಚ್ಚಿದ ಸೊಪ್ಪು ಸೇರಿಸಿ ಮತ್ತೆ ಬೇಯಿಸಬೇಕು. ಕಾಲರ್ಡಿನ ದಂಟು ಗಟ್ಟಿ. ಅದನ್ನು ಬೇರೆ ಮಾಡಿ ಕಾಳಿನ ಜೊತೆಯಲ್ಲಿಯೇ ಮೊದಲಿಗೆ ಹಾಕಿದರೆ ಮೆತ್ತಗಾಗುತ್ತದೆ, ಎಸೆಯಬೇಕಾಗಿಲ್ಲ. ಬಸಿದ ಕಟ್ಟಿಗೆ, ರುಬ್ಬಿದ ಈರುಳ್ಳಿ, ಬೆಳ್ಳುಳ್ಳಿ, ಪುಡಿ, ಹುಣಸೆ ಹಾಗೂ ಒಂದು ಹಿಡಿ ಬೆಂದ ಕಾಳನ್ನು ಬೆರೆಸಿ ಕುದಿಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು ನಿಂಬೆ ಹಿಂಡಿದರೆ ಪಲ್ಯ. ಬೇಯಿಸಿದ ನೀರು ಚೆಲ್ಲಿಹೋಗದೆ ಸಾರಾಗುವುದರಿಂದ, ನೀರಿಗೆ ಇಳಿದ ಫೋಲೇಟ್, ಪೊಟ್ಯಾಸಿಯಮ್‌ಗಳೂ ತಟ್ಟೆಗೇ ಬರುತ್ತವೆ. ಪೋಷಕಾಂಶಗಳ ಹೆಸರನ್ನೇ ಕೇಳದ ನಮ್ಮ ಅಜ್ಜಿಯರು ಈ ಉಪಾಯವನ್ನು ಕಂಡುಕೊಂಡಿದ್ದರು.

ಈ ಊಟದಲ್ಲಿ ತಲೆಗೆ ಸುಮಾರು 20 ಗ್ರಾಮ್ ಪ್ರೋಟೀನು, 18 ಗ್ರಾಮಿನಷ್ಟು ನಾರು, 500 ಮಿಲಿಗ್ರಾಮ್ ಕ್ಯಾಲ್ಸಿಯಮ್ ದೊರೆಯುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಮ್ ಸುಮಾರು 1000 ಮಿಲಿಗ್ರಾಮ್. ಅರ್ಧ ಇಲ್ಲಿಯೇ ಸಂದಿತು. ನೂರು ಗ್ರಾಮ್ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಮ್ ಕ್ಯಾಲ್ಸಿಯಮ್ ಇರುವುದೇ ಇದಕ್ಕೆ ಮುಖ್ಯ ಕಾರಣ. ನಾನು ಕೊಳ್ಳುವ ಅಂಗಡಿಗಳ ಬೆಲೆಯಲ್ಲಿ ಇಡಿಯ ಊಟಕ್ಕೆ ಆರು ಡಾಲರಿನ ಆಸುಪಾಸು, ಅಂದರೆ ತಲೆಗೆ ಒಂದೂವರೆ ಡಾಲರು. ಸರಕಾರದ ಆಹಾರ ನೆರವು 2024ರ ಅಕ್ಟೋಬರಿನಿಂದ ಒಂದು ವರ್ಷದ ಅವಧಿಗೆ ನಾಲ್ವರ ಕುಟುಂಬಕ್ಕೆ ತಿಂಗಳಿಗೆ ಹೆಚ್ಚೆಂದರೆ 975 ಡಾಲರು ಎಂದು ನಿಗದಿಯಾಗಿತ್ತು. ಭಾಗಿಸಿ ನೋಡಿದರೆ ಒಬ್ಬರ ಒಂದು ಹೊತ್ತಿಗೆ ಸುಮಾರು 2 ಡಾಲರು 70 ಸೆಂಟು. ಆ ಮಿತಿಯೊಳಗೆ ಈ ಊಟ ಆರಾಮವಾಗಿ ಕೂರುತ್ತದೆ. ಉಳಿದದ್ದು ಹಾಲಿಗೆ, ಹಣ್ಣಿಗೆ.

ಮಧುಮೇಹಿಗಳಿಗೆ ಒಂದು ಮಾತು. ರಾಗಿಯು ಔಷಧವಲ್ಲ. ನುಣ್ಣಗಿನ ಹಿಟ್ಟಿನ ದೊಡ್ಡ ಮುದ್ದೆ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಮುದ್ದೆಯನ್ನು ಸಣ್ಣದು ಮಾಡಿ ಪಲ್ಯವನ್ನು ದೊಡ್ಡದು ಮಾಡುವುದರಲ್ಲಿ ಗುಣವಿದೆ.

ಅಗ್ಗದ ಊಟದಲ್ಲಿ ಬಿಟ್ಟುಹೋಗುವ ನಾಲ್ಕು

ಮೊದಲನೆಯದು ಬಿ-12. ಇದು ಸಸ್ಯಾಹಾರದಲ್ಲಿ ಸಹಜವಾಗಿ ಇಲ್ಲವೆಂದೇ ಹೇಳಬೇಕು. ಹಾಲು, ಮೊಸರು, ಮೊಟ್ಟೆಗಳನ್ನು ದುಡ್ಡಿಲ್ಲವೆಂದು ಬಿಟ್ಟವರಲ್ಲಿ ಕೊರತೆ ನಿಧಾನವಾಗಿ ಬೆಳೆದು, ಪಾದಗಳ ಜೋಮು, ಮರೆವು, ರಕ್ತಹೀನತೆಗಳಾಗಿ ತೋರುತ್ತದೆ. ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ತೆಗೆದುಕೊಳ್ಳುವವರಲ್ಲಿ ಅಪಾಯ ಇನ್ನೂ ಹೆಚ್ಚು. ಬಿ-12 ಗುಳಿಗೆ ಅಗ್ಗ. ಇಲ್ಲಿ ಜಿಪುಣತನ ಬೇಡ. ಮೀನು ತಿನ್ನುವವರಿಗೆ ಡಬ್ಬಿಯ ಸಾರ್ಡೀನ್ ಒಳ್ಳೆಯ ಆಯ್ಕೆ. ನಮ್ಮ ಕರಾವಳಿಯವರ ಬೂತಾಯಿಯ ಬಳಗದ್ದೇ ಈ ಮೀನು.

ಎರಡನೆಯದು ಡಿ ಜೀವಸತ್ತ್ವ. ಈ ಎರಡೂ ನಗರಗಳು ಸುಮಾರು 42 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಚಳಿಗಾಲದ ನಡುವಣ ತಿಂಗಳುಗಳ ಬಿಸಿಲು ನಮ್ಮ ಚರ್ಮದಲ್ಲಿ ಡಿ ಜೀವಸತ್ತ್ವವನ್ನು ತಯಾರಿಸಲು ಸಾಲದು. ಇಲ್ಲಿ ಮಾರುವ ಹಾಲಿಗೆ ಸಾಮಾನ್ಯವಾಗಿ ಅದನ್ನು ಸೇರಿಸಿರುತ್ತಾರೆ. ಹಾಲು ಕುಡಿಯದವರು ವೈದ್ಯರನ್ನು ಕೇಳಿ ಗುಳಿಗೆ ತೆಗೆದುಕೊಳ್ಳಬೇಕು.

ಮೂರನೆಯದು ಅಯೊಡಿನ್. ಮಹಾಸರೋವರಗಳ ಈ ನಾಡಿನ ಮಣ್ಣಿನಲ್ಲಿ ಅಯೊಡಿನ್ ಕಡಿಮೆ. ನೂರು ವರ್ಷಗಳ ಹಿಂದೆ ಇದು ಗಳಗಂಡದ ಸೀಮೆ ಎಂದೇ ಹೆಸರಾಗಿತ್ತು. ಮಿಷಿಗನ್ ವಿಶ್ವವಿದ್ಯಾಲಯದ ಮಕ್ಕಳ ವೈದ್ಯ ಡೇವಿಡ್ ಮರೆ ಕೌವಿ ಅವರ ಪ್ರಯತ್ನದಿಂದ 1924ರ ಮೇ 1ರಂದು ಅಯೊಡಿನ್ ಬೆರೆಸಿದ ಉಪ್ಪು ಮಿಷಿಗನ್ನಿನ ಅಂಗಡಿಗಳಿಗೆ ಬಂತು. ಅದೇ ವರ್ಷ ಶಿಕಾಗೊದ ಮಾರ್ಟನ್ ಕಂಪನಿ ಅದನ್ನು ದೇಶವಿಡೀ ಮಾರತೊಡಗಿತು. ಗಳಗಂಡ ಬಹಳಮಟ್ಟಿಗೆ ಮಾಯವಾಯಿತು. ಈಗ ಆರೋಗ್ಯದ ಹೆಸರಿನಲ್ಲಿ ನಮ್ಮ ಮನೆಗಳಿಗೆ ಬರುತ್ತಿರುವ ಹಿಮಾಲಯದ ಗುಲಾಬಿ ಉಪ್ಪು, ಕಲ್ಲುಪ್ಪು, ಕೋಷರ್ ಉಪ್ಪುಗಳಿಗೆ ಸಾಮಾನ್ಯವಾಗಿ ಅಯೊಡಿನ್ ಬೆರೆಸಿರುವುದಿಲ್ಲ. ಎಲ್ಲಕ್ಕಿಂತ ಅಗ್ಗದ ನೀಲಿ ಡಬ್ಬಿಯ ಉಪ್ಪನ್ನು, 'ಅಯೊಡೈಸ್ಡ್' ಎಂದು ಬರೆದಿರುವುದನ್ನು ನೋಡಿ, ಮಿತವಾಗಿ ಬಳಸಿದರೆ ಸಾಕು. ಗರ್ಭಿಣಿಯರಿಗೆ ಇದು ವಿಶೇಷವಾಗಿ ಮುಖ್ಯ.

ನಾಲ್ಕನೆಯದು ಕಬ್ಬಿಣ. ಕಾಳು, ಸೊಪ್ಪಿನ ಕಬ್ಬಿಣ ದೇಹಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಊಟದ ಜೊತೆ ನಿಂಬೆ, ಟೊಮೆಟೊ, ಕಿತ್ತಳೆಯಂತಹ ಸಿ ಜೀವಸತ್ತ್ವದ ಪದಾರ್ಥವಿದ್ದರೆ ಹೆಚ್ಚು ಒಗ್ಗುತ್ತದೆ; ಊಟದೊಡನೆಯೇ ಕಾಫಿ, ಚಹಾ ಕುಡಿದರೆ ಕಡಿಮೆಯಾಗುತ್ತದೆ. ಕಾಫಿಯನ್ನು ಒಂದು ಗಂಟೆ ಮುಂದೂಡಲು ಯಾವ ಖರ್ಚೂ ಇಲ್ಲ. ಕಾಳನ್ನು ನೆನೆಸುವುದು, ಮೊಳಕೆ ಬರಿಸುವುದು, ಹಿಟ್ಟನ್ನು ಹುದುಗಿಸುವುದು ಕೂಡ ಕಬ್ಬಿಣವನ್ನು ಹಿಡಿದಿಡುವ ಫೈಟೇಟನ್ನು ತಗ್ಗಿಸುತ್ತವೆ.

ಕೆಲವು ಎಚ್ಚರಿಕೆಗಳು

ರಾಜ್ಮಾ ಕಾಳನ್ನು ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಬೇಕು. ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಿದರಂತೂ ಚಿಂತೆಯಿಲ್ಲ. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಾಂಶವು ನಿಧಾನವಾಗಿ ಬೇಯಿಸುವ ಸ್ಲೋ ಕುಕ್ಕರಿನ ಕಾವಿಗೆ ನಾಶವಾಗದೆ ವಾಂತಿಭೇದಿಗೆ ಕಾರಣವಾಗಬಹುದು. ಮೊಳಕೆ ಕಾಳನ್ನು ಗರ್ಭಿಣಿಯರು, ವೃದ್ಧರು, ಸಣ್ಣ ಮಕ್ಕಳು ಹಸಿಯಾಗಿ ತಿನ್ನದೆ ಬೇಯಿಸಿ ತಿನ್ನುವುದು ಕ್ಷೇಮ. ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು. ಮೂತ್ರಪಿಂಡದ ಕಾಯಿಲೆಯಿರುವವರು ಕಾಳು, ಸೊಪ್ಪುಗಳ ಪ್ರಮಾಣವನ್ನು ವೈದ್ಯರೊಡನೆ ನಿರ್ಧರಿಸಿಕೊಳ್ಳಬೇಕು. ಹಿತ್ತಿಲಿನಲ್ಲಿ ಮೆಂತ್ಯ, ಹರಿವೆ ಬೆಳೆಯುವವರು, ಹಳೆಯ ಬಡಾವಣೆಗಳಾದರೆ ಮಣ್ಣಿನಲ್ಲಿ ಸೀಸವಿದೆಯೇ ಎಂದು ಪರೀಕ್ಷೆ ಮಾಡಿಸಿ. ಇಲ್ಲವೇ ಹೊಸ ಮಣ್ಣು ತುಂಬಿದ ಕುಂಡಗಳಲ್ಲಿ ಬೆಳೆಯಿರಿ.

ನೆರವನ್ನು ಪಡೆಯುವುದು

1961ರಲ್ಲಿ ಅಮೆರಿಕ ಸರಕಾರ ಆಹಾರ ಚೀಟಿಗಳನ್ನು ಪ್ರಯೋಗಾರ್ಥವಾಗಿ ಆರಂಭಿಸಿದಾಗ ಆಯ್ದುಕೊಂಡ ಎಂಟು ಸ್ಥಳಗಳಲ್ಲಿ ಡೆಟ್ರಾಯಿಟ್ ಒಂದು. ರೈತರ ಸಂತೆಯಲ್ಲಿ ಆ ನೆರವಿನಿಂದ ಹಣ್ಣು ತರಕಾರಿ ಕೊಂಡವರಿಗೆ ಅಷ್ಟೇ ಮೊತ್ತವನ್ನು ಮತ್ತೆ ಕೊಡುವ 'ಡಬಲ್ ಅಪ್ ಫುಡ್ ಬಕ್ಸ್' ಯೋಜನೆಯೂ 2009ರಲ್ಲಿ ಡೆಟ್ರಾಯಿಟ್‌ನಲ್ಲಿಯೇ ಹುಟ್ಟಿತು. ವಿದ್ಯಾರ್ಥಿ ವೀಸಾ, ಉದ್ಯೋಗ ವೀಸಾದವರು ಈ ಆಹಾರ ನೆರವಿಗೆ ಅರ್ಹರಲ್ಲ. ಉಳಿದವರಿಗೂ ನಿಯಮಗಳು ಆಗಾಗ ಬದಲಾಗುವುದರಿಂದ, ವಲಸೆಯ ಅರ್ಜಿ ಬಾಕಿಯಿರುವವರು ವಕೀಲರನ್ನು ಕೇಳಿಯೇ ಮುಂದುವರಿಯಬೇಕು. ಗ್ರೇಟರ್ ಶಿಕಾಗೊ ಫುಡ್ ಡಿಪಾಸಿಟರಿ ಮತ್ತು ಡೆಟ್ರಾಯಿಟ್‌ನ ಗ್ಲೀನರ್ಸ್ ಎಂಬ ಆಹಾರ ಬ್ಯಾಂಕುಗಳು ನೂರಾರು ವಿತರಣಾ ಕೇಂದ್ರಗಳಿಗೆ ದವಸ ಒದಗಿಸುತ್ತವೆ. ಹಲವು ವಿಶ್ವವಿದ್ಯಾಲಯಗಳಲ್ಲಿಯೂ ವಿದ್ಯಾರ್ಥಿಗಳಿಗಾಗಿ ಇಂತಹ ಭಂಡಾರಗಳಿವೆ. ಅಲ್ಲಿ ಹೆಚ್ಚಾಗಿ ಸಿಗುವುದು ಒಣ ಕಾಳು, ಓಟ್ಸ್, ಕಡಲೆಕಾಯಿ ಬೆಣ್ಣೆ, ಡಬ್ಬಿಯ ಬೀನ್ಸ್. ಡಬ್ಬಿಯ ಬೀನ್ಸನ್ನು ನೀರಿನಲ್ಲಿ ತೊಳೆದರೆ ಉಪ್ಪಿನಂಶ ಇಳಿಯುತ್ತದೆ. ಒಗ್ಗರಣೆ, ತೆಂಗಿನತುರಿ, ನಿಂಬೆ ಬಿದ್ದರೆ ಉಸಲಿಯಾಗುತ್ತದೆ. ಮುಜುಗರದಿಂದ ಅಲ್ಲಿಗೆ ಹೋಗದೆ ನೂಡಲ್ಸಿನಲ್ಲಿ ತಿಂಗಳು ದೂಡಿದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ನಮ್ಮ ಕನ್ನಡ ಕೂಟಗಳ ಹಿರಿಯರು ಊಟದ ಸಾಲಿನಲ್ಲಿ ಹೊಸ ಮುಖಗಳನ್ನು ಕಂಡಾಗ, "ಎಲ್ಲಿ ಕೆಲಸ?" ಎಂಬುದಕ್ಕೆ ಮೊದಲು "ಅಡುಗೆ ಹೇಗೆ ಮಾಡಿಕೊಳ್ಳುತ್ತೀರಿ?" ಎಂದು ಕೇಳಿದರೆ ಹಲವು ವಿಷಯಗಳು ಹೊರಬರುತ್ತವೆ.

ಹೊತ್ತಿನ ಪ್ರಶ್ನೆ

ಹಣಕ್ಕಿಂತ ಹೊತ್ತಿನ ಬಡತನ ದೊಡ್ಡದೆಂದು ಹಲವರು ಹೇಳುತ್ತಾರೆ, ಅದು ನಿಜ. ಹಲ್ ಹೌಸಿನ ನೆರೆಯ ಹೊಲಿಗೆ ಕೆಲಸದ ಹೆಂಗಸರ ಕಷ್ಟವೂ ಅದೇ ಆಗಿತ್ತು. ಇದಕ್ಕೆ ನನ್ನ ರೋಗಿಗಳ ಮನೆಗಳಲ್ಲಿ ಕೆಲಸಕ್ಕೆ ಬಂದ ಕ್ರಮವಿದು: ಶನಿವಾರ ರಾತ್ರಿ ಎರಡು ಬಗೆಯ ಕಾಳನ್ನು ನೆನೆಹಾಕುವುದು, ಭಾನುವಾರ ಎರಡು ಕುಕ್ಕರ್ ಬೇಯಿಸಿ, ಒಂದೊಂದು ಹೊತ್ತಿನ ಪಾಲು ಮಾಡಿ ಹೆಪ್ಪುಪೆಟ್ಟಿಗೆಯಲ್ಲಿಡುವುದು, ಒಂದು ಡಬ್ಬಿ ಹುಳಿಪುಡಿ, ಒಂದು ಡಬ್ಬಿ ಹುಣಸೆರಸ ಸಿದ್ಧವಿಟ್ಟುಕೊಳ್ಳುವುದು. ಬೆಂದ ಕಾಳು ಕೈಗೆ ಸಿಗುವಂತಿದ್ದರೆ ವಾರದ ದಿನ ಇಪ್ಪತ್ತು ನಿಮಿಷದಲ್ಲಿ ಹುಳಿ, ಪಲ್ಯ ಎರಡೂ ಆಗುತ್ತವೆ. ಸುಸ್ತಾಗಿ ಮನೆಗೆ ಬಂದವರು ಬಿಸ್ಕತ್ತಿನ ಡಬ್ಬಿ ತೆರೆಯುವುದು ಆ ಇಪ್ಪತ್ತು ನಿಮಿಷ ಒಂದೂವರೆ ಗಂಟೆಯಾದಾಗ.

ಮೊದಲು ಹೇಳಿದ ದಂಪತಿಗಳ ಜೊತೆ ಕುಳಿತು ನಾವು ಹೊಸ ಪಟ್ಟಿಯೊಂದನ್ನು ಬರೆದೆವು. ಬರೆಸಿದವರು ಆ ತಾಯಿ, ಬರೆದುಕೊಂಡವನು ನಾನು. ಹುರುಳಿ ಸಾರು, ಮಸೂರದ ತೊವ್ವೆ, ಎಲೆಕೋಸಿನ ಪಲ್ಯ, ರಾಗಿ ಅಂಬಲಿ, ಮಜ್ಜಿಗೆ. ಅನ್ನವನ್ನು ಬಿಡಿಸಲಿಲ್ಲ, ಒಂದು ಬಟ್ಟಲಿಗೆ ಇಳಿಸಿದೆವು. ಗುಳಿಗೆ ಮುಂದುವರಿಯಿತು, ನಡಿಗೆಯೂ ಸೇರಿತು. ಆರು ತಿಂಗಳ ಮೇಲೆ ಎ-ಒನ್-ಸಿ ಏಳರ ಆಸುಪಾಸಿಗೆ ಇಳಿದಿತ್ತು. ಅದರಲ್ಲಿ ಗುಳಿಗೆಯ ಪಾಲೆಷ್ಟು, ಹುರುಳಿಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾರೆ. ಆ ದಿನ ಅವರು ಸ್ಟೀಲಿನ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲಿಟ್ಟರು. ಒಳಗಿದ್ದದ್ದು ಕಾಲರ್ಡ್ ಸೊಪ್ಪಿನ ಬಸ್ಸಾರಿನ ಪಲ್ಯ. ಈಸ್ಟರ್ನ್ ಮಾರ್ಕೆಟ್‌ನಲ್ಲಿ ಸೊಪ್ಪು ಮಾರುವ ಕರಿಯ ಅಜ್ಜಿಯೊಬ್ಬರು ದಂಟನ್ನು ಎಸೆಯಬೇಡ, ಮೊದಲು ಬೇಯಿಸು ಎಂದು ಹೇಳಿಕೊಟ್ಟರಂತೆ.

ಮೇಲಿನ ವಿಧಾನದಲ್ಲಿ ದಂಟಿನ ವಿಚಾರವನ್ನು ನಾನು ಬರೆದದ್ದು ಅವರಿಂದ ಕಲಿತು.